ಒಪ್ಪಿಸಿಕೊಟ್ಟ ಬದುಕು



ಓದು ಮುಗಿಯಿತಾ, ಕೆಲಸ ಸಿಕ್ಕಿತಾ, ಮದುವೆ ಯಾವಾಗ, ಸೈಟು ತೆಗೆದುಕೊಂಡಿರಾ, ಮಕ್ಕಳೆಷ್ಟು? ನಮ್ಮ ಕಡೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತರೆ ಈ ಪ್ರಶ್ನೆಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬರುತ್ತವೆ. ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ದಾರಿ ಇದೆ, ಅದರಲ್ಲಿ ನೀನು ಎಲ್ಲಿಯವರೆಗೆ ಬಂದೆ ಎಂದು ಅಕ್ಕರೆಯಿಂದಲೇ ವಿಚಾರಿಸುತ್ತಾರೆ. ಆದರೆ ನಾನು ಪಾಠ ಹೇಳುವ ಕಾಲೇಜಿನಲ್ಲಿ, ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧವಿರುವ ಹುಡುಗ ಹುಡುಗಿಯರೇ ಬಂದು ಬೇರೊಂದು ಪ್ರಶ್ನೆ ಕೇಳುತ್ತಾರೆ: ಇದೆಲ್ಲ ಯಾತಕ್ಕೆ? ಅವರಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಒಬ್ಬ ಹೆಣ್ಣುಮಗಳ ಬದುಕನ್ನು ಹೇಳುತ್ತೇನೆ. ನಾನು ಕ್ರೈಸ್ತಳು, ನನ್ನ ವಿಶ್ವಾಸ ಏನೆಂದು ಯಾರಾದರೂ ಕೇಳಿದಾಗಲೂ ನನಗೆ ಮೊದಲು ನೆನಪಾಗುವುದು ಆಕೆಯೇ. ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಪಂಡಿತಾ ರಮಾಬಾಯಿಯವರ ಬಗ್ಗೆ.

ಮಹಾರಾಷ್ಟ್ರದವರು ರಮಾಬಾಯಿಯವರನ್ನು ತಮ್ಮವರೆಂದು ಹೇಳಿಕೊಳ್ಳುವುದು ನ್ಯಾಯವೇ. ಆದರೆ ಅವರು ಹುಟ್ಟಿದ್ದು ನಮ್ಮ ಘಟ್ಟದಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಊರು ಬಿಟ್ಟು ಅವರು ಕಾಡು ಸೇರಿದ್ದಕ್ಕೆ ಒಂದು ಕಾರಣವಿತ್ತು. ಪುಣೆಯಲ್ಲಿ ಓದುವಾಗ, ತಮ್ಮ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಕಲಿಸುವುದನ್ನು ಅವರು ಕಂಡಿದ್ದರು. ತನ್ನ ಹೆಂಡತಿಯೂ ಏಕೆ ಕಲಿಯಬಾರದು ಎಂಬ ಯೋಚನೆ ಅಲ್ಲಿಂದ ಮನಸ್ಸಿನಲ್ಲಿ ಕೂತಿತು. ಊರಿನವರು ಒಪ್ಪಲಿಲ್ಲ. ಪಂಡಿತರ ಮುಂದೆ ಶಾಸ್ತ್ರದ ಆಧಾರದಿಂದಲೇ ಅವರು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಆಮೇಲೆ ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಗಂಗಾಮೂಲಕ್ಕೆ ಹೋಗಿ, ಮನೆ ಕಟ್ಟಿ, ಶಿಷ್ಯರನ್ನು ಇಟ್ಟುಕೊಂಡು ಪಾಠ ನಡೆಸಿದರು. ಲಕ್ಷ್ಮೀಬಾಯಿ ಎಷ್ಟು ಚೆನ್ನಾಗಿ ಕಲಿತರೆಂದರೆ, ಶಿಷ್ಯರಿಗೆ ಪಾಠ ಹೇಳುವಷ್ಟಾದರು. ಪುಟ್ಟ ರಮೆಗೆ ಸಂಸ್ಕೃತ ಕಲಿಸಿದ್ದೂ ಆ ತಾಯಿಯೇ.

ದಾರಿ ಬಿಟ್ಟು ನಡೆದವರಲ್ಲಿ ರಮಾಬಾಯಿ ಮೊದಲಿಗರಲ್ಲ ಎಂದು ಹೇಳಲಿಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳಿದೆ. ಅವರ ತಂದೆ ಆಸ್ತಿಕರು, ಕಟ್ಟಾ ವೈಷ್ಣವರು, ಮತ್ತು ಪ್ರಶ್ನೆ ಕೇಳಿದವರು. ಈ ಮೂರೂ ಒಬ್ಬನೇ ಮನುಷ್ಯನಲ್ಲಿ ಇರುವುದು ಸಾಧ್ಯ ಎಂಬುದನ್ನು ಮಗಳು ಮನೆಯಲ್ಲೇ ನೋಡಿದಳು.

ಮನೆಗೆ ಬಂದವರಿಗೆಲ್ಲ ಅನ್ನ ಹಾಕಿ ಹಾಕಿ ಆಸ್ತಿ ಕರಗಿತು. ರಮೆ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ. ಅಲ್ಲಿಂದ ಮುಂದೆ ಮನೆಯೆಂಬುದೇ ಇಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಹಿರಿಯ ಮಗಳ ಬಾಲ್ಯವಿವಾಹ ಕೆಟ್ಟುಹೋದದ್ದನ್ನು ಕಂಡ ತಂದೆ ಕಿರಿಯವಳಿಗೆ ಎಳೆಯ ವಯಸ್ಸಿನಲ್ಲಿ ಮದುವೆ ಮಾಡಲಿಲ್ಲ. ಆ ಕಾಲದ ಹೆಣ್ಣುಮಗುವಿಗೆ ಇದ್ದ ಒಂದೇ ದಾರಿ ಹೀಗೆ ಆಕೆಗೆ ಮೊದಲೇ ತಪ್ಪಿತ್ತು.

ಆಮೇಲೆ ಬರಗಾಲ ಬಂತು. ಕೈಯಲ್ಲಿದ್ದ ಚಿನ್ನ, ಪಾತ್ರೆ, ಬಟ್ಟೆ ಎಲ್ಲ ಮಾರಿ ದಾನಧರ್ಮ ಮಾಡಿದರು, ವ್ರತ ಹಿಡಿದರು, ಕೊನೆಗೆ ಕಾಡಿನ ಎಲೆ ತಿಂದರು. ಕೂಲಿ ಮಾಡಲು ಕಲಿತವರಲ್ಲ, ಬೇಡಲು ನಾಚಿಕೆ. 1874ರಲ್ಲಿ ತಂದೆ ತೀರಿಕೊಂಡರು. ಕಣ್ಣು ಕಾಣದ ಆ ಮುದುಕ ಸಾಯುವ ಮೊದಲು ಹದಿನಾರರ ಮಗಳನ್ನು ತೋಳಿನಲ್ಲಿ ಹಿಡಿದುಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿರುವವರೆಗೂ ಅವನ ಸೇವೆ ಮಾಡಬೇಕು ಎಂಬ ಅರ್ಥದ ಮಾತು ಹೇಳಿದರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಗೆಂದು ರಮಾ ಪಕ್ಕದ ಮನೆಗೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿ ಬೇಡಿ ತಂದಳು. ಬಾಯಿ ತೆರೆದು ಕೇಳಲೂ ಅವಳಿಗೆ ಆಗಿರಲಿಲ್ಲ. ಆ ರೊಟ್ಟಿಯನ್ನು ತಾಯಿ ತಿನ್ನಲಾರದೆ ಹೋದರು. ಅಕ್ಕನೂ ಉಳಿಯಲಿಲ್ಲ.

ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬರಿಗಾಲಲ್ಲಿ ಸಾವಿರಾರು ಮೈಲಿ ನಡೆದರು. ಪಂಜಾಬಿನ ಚಳಿಗಾಲದಲ್ಲಿ ಹೊದೆಯಲು ಏನೂ ಇಲ್ಲದೆ, ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೂ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ಹೇಳಿದ ಪೂಜೆಯನ್ನೆಲ್ಲ ಮಾಡಿಯೂ ಅಪ್ಪ ಅಮ್ಮ ಹಸಿವಿನಿಂದ ಸತ್ತರಲ್ಲ ಎಂಬ ಮಾತು ಇಬ್ಬರನ್ನೂ ಕೊರೆಯುತ್ತಿತ್ತು. ದೇವರಿದ್ದಾನೋ ಇಲ್ಲವೋ ಎಂಬುದಕ್ಕಿಂತಲೂ ಆಕೆಯನ್ನು ಕಾಡಿದ್ದು, ತಂದೆ ತನ್ನನ್ನು ಒಪ್ಪಿಸಿಕೊಟ್ಟ ಆ ದೇವರು ಯಾರು ಎಂಬುದು. ನನ್ನ ಮಟ್ಟಿಗೆ ರಮಾಬಾಯಿಯವರ ಇಡೀ ಬದುಕು ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ ಪ್ರಯಾಣ.

1878ರಲ್ಲಿ ಅಣ್ಣತಂಗಿ ಕಲ್ಕತ್ತಾ ಮುಟ್ಟಿದರು. ಇಪ್ಪತ್ತರ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು, ಪರೀಕ್ಷಿಸಿ 'ಪಂಡಿತಾ' ಮತ್ತು 'ಸರಸ್ವತಿ' ಎಂಬ ಬಿರುದು ಕೊಟ್ಟರು. ಹೆಂಗಸರಿಗೆ ಧರ್ಮೋಪದೇಶ ಮಾಡು ಎಂದು ಕೇಳಿದಾಗ ಆಕೆ ಧರ್ಮಶಾಸ್ತ್ರಗಳನ್ನು ಕೂತು ಓದಿದರು. ಅಲ್ಲಿ ಪ್ರಶ್ನೆ ಇನ್ನೂ ಹರಿತವಾಯಿತು. ನೂರು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರುವ ಗ್ರಂಥಗಳು, ಹೆಂಗಸರು ಮತ್ತು ಶೂದ್ರರು ಮೋಕ್ಷಕ್ಕೆ ನೇರವಾಗಿ ಅರ್ಹರಲ್ಲ ಎಂಬುದರಲ್ಲಿ ಮಾತ್ರ ಒಂದಾಗುತ್ತವೆ ಎಂದು ತಮಗೆ ಕಂಡದ್ದಾಗಿ ಅವರು ಮುಂದೆ ಬರೆದರು. ಹಿಂದೂ ಪರಂಪರೆಯಲ್ಲಿ ಇದಕ್ಕೆ ಬೇರೆ ಉತ್ತರ ಕೊಟ್ಟವರಿದ್ದಾರೆ. ನಮ್ಮ ಶರಣರ ನಾಡಿನಲ್ಲಿ ಅದನ್ನು ನೆನಪಿಸಬೇಕಾಗಿಲ್ಲ. ಆದರೆ ತಾನು ಓದಿದ ಪುಟದಲ್ಲಿ ತನಗೇ ಜಾಗವಿಲ್ಲ ಎಂದು ಕಂಡ ಒಬ್ಬ ವಿದುಷಿಯ ನೋವನ್ನು ನಾವು ತಳ್ಳಿಹಾಕುವಂತಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಆತ ಬ್ರಾಹ್ಮಣನಲ್ಲ, ಮದುವೆ ನಡೆದದ್ದು ಸರ್ಕಾರಿ ನೋಂದಣಿಯ ಕ್ರಮದಲ್ಲಿ. ಅಸ್ಸಾಮಿನ ಸಿಲ್ಚಾರದಲ್ಲಿ ಸಂಸಾರ ಹೂಡಿದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಕಿರುಪ್ರತಿ ಸಿಕ್ಕಿತು. ಓದಿದರು, ಮನಸ್ಸು ಅತ್ತ ಎಳೆಯಿತು. ಗಂಡನಿಗೆ ಅದು ಇಷ್ಟವಾಗಲಿಲ್ಲ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ರಮಾಬಾಯಿಗೆ ಆಗ ಇಪ್ಪತ್ತಮೂರು.

ವಿಧವೆಯ ಮುಂದೆ ಸಮಾಜ ಇಟ್ಟಿದ್ದ ದಾರಿ ಏನೆಂದು ನಮ್ಮ ಅಜ್ಜಿಯಂದಿರ ಕಾಲವನ್ನು ಬಲ್ಲವರಿಗೆ ನಾನು ವಿವರಿಸಬೇಕಿಲ್ಲ. ಬೋಳಿಸಿದ ತಲೆ, ಕೆಂಪು ಸೀರೆ, ಅಡುಗೆಮನೆಯ ಹಿಂದಿನ ಮೂಲೆ. ರಮಾಬಾಯಿ ಮಗುವನ್ನು ಎತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಈ ದೇಶದ ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರೂ ವೈದ್ಯರೂ ಆಗಬೇಕೆಂದು ಹೇಳಿದರು. ತಾನೇ ವೈದ್ಯೆಯಾಗಬೇಕೆಂಬ ಆಸೆಯಿಂದ, 'ಸ್ತ್ರೀಧರ್ಮನೀತಿ' ಎಂಬ ತಮ್ಮ ಮರಾಠಿ ಪುಸ್ತಕ ಮಾರಿ ಬಂದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಆದರೆ ಕಿವಿ ಮಂದವಾಗುತ್ತಿತ್ತು, ವೈದ್ಯಶಿಕ್ಷಣ ಕೈಗೂಡಲಿಲ್ಲ. ತಾನೇ ಆರಿಸಿಕೊಂಡ ದಾರಿಯೂ ಹೀಗೆ ಮುಚ್ಚಿತು. ಇದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುತ್ತೇನೆ. ಹಿರಿಯರು ಹಾಕಿದ ದಾರಿ ಬೇಡವೆಂದು ಹೊರಟವರಿಗೆ ತಮ್ಮ ದಾರಿ ತೆರೆದೇ ಇರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಯ ಸಂನ್ಯಾಸಿನಿಯರ ಮಠವಿತ್ತು. ರಮಾಬಾಯಿ ಉಳಿದದ್ದು ಅಲ್ಲಿ. ಆ ಸಿಸ್ಟರ್‌ಗಳು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ದಾರಿ ತಪ್ಪಿದವರೆಂದು ಲೋಕ ಕರೆಯುವ ಹೆಂಗಸರಿಗಾಗಿ ಒಂದು ಆಶ್ರಯಮನೆ ನಡೆಸುತ್ತಿದ್ದರು. ಅದನ್ನು ನೋಡಲು ರಮಾಬಾಯಿ ಹೋದರು. ಅಂಥ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊಟ ಬಡಿಸಿ, ಕೆಲಸ ಕಲಿಸುವುದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ನಿಮಗೆ ಇವರ ಮೇಲೆ ಇಷ್ಟು ಕರುಣೆ ಏಕೆ ಎಂದು ಕೇಳಿದರು. ಉತ್ತರವಾಗಿ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ತೋರಿಸಿದರು. ಬಾವಿಗೆ ನೀರಿಗೆ ಬಂದ ಸಮಾರ್ಯದ ಹೆಂಗಸಿನ ಪ್ರಸಂಗ ಅದು. ಜಾತಿ ಬೇರೆ, ನಡತೆಯ ಬಗ್ಗೆ ಊರಿನವರ ಮಾತು ಬೇರೆ. ಯೇಸು ಅವಳ ಹತ್ತಿರ ನೀರು ಕೇಳುತ್ತಾನೆ. ದೇವರನ್ನು ಆರಾಧಿಸುವುದು ಸಮಾರ್ಯದ ಬೆಟ್ಟದಲ್ಲೋ ಯೆರೂಸಲೇಮಿನಲ್ಲೋ ಎಂಬ ಗಂಭೀರ ಚರ್ಚೆಯನ್ನು ಅವಳ ಜೊತೆಗೇ ನಡೆಸುತ್ತಾನೆ.

ಈ ಭಾಗವನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಆದರೆ ರಮಾಬಾಯಿಯ ಕಣ್ಣಿನಿಂದ ಓದಿದ ಮೇಲೆ ಅದು ನನಗೆ ಬೇರೆಯಾಯಿತು. ಸಂಸ್ಕೃತ ಕಲಿಯಲು ಆಕೆಯ ತಾಯಿ ಕಾಡು ಸೇರಬೇಕಾಗಿ ಬಂದಿತ್ತು. ಇಲ್ಲಿ ಗುರುವೇ ಮಧ್ಯಾಹ್ನದ ಬಿಸಿಲಿನಲ್ಲಿ ಬಾವಿಕಟ್ಟೆಯ ಮೇಲೆ ಕೂತು, ಯಾರೂ ಮಾತಾಡಿಸದ ಹೆಣ್ಣಿಗೆ ಧರ್ಮದ ತಿರುಳು ಹೇಳುತ್ತಿದ್ದಾನೆ. ತಂದೆ ತನ್ನನ್ನು ಯಾರ ಕೈಗೆ ಒಪ್ಪಿಸಿದರೆಂಬುದಕ್ಕೆ ರಮಾಬಾಯಿಗೆ ಉತ್ತರ ಸಿಕ್ಕಿದ್ದು ಅಲ್ಲಿ ಎಂದು ನಾನು ನಂಬುತ್ತೇನೆ. ಪಾದ್ರಿ ನೆಹೆಮಿಯ ಗೋರೆಯವರ ಬರಹಗಳೂ ಅವರನ್ನು ಒಪ್ಪಿಸುವುದರಲ್ಲಿ ಪಾಲು ಪಡೆದವು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳು ದೀಕ್ಷಾಸ್ನಾನ ಪಡೆದರು.

ಭಕ್ತರು ಬರೆದ ಚರಿತ್ರೆಗಳು ಬಹಳಷ್ಟು ಇಲ್ಲಿಗೆ ನಿಟ್ಟುಸಿರು ಬಿಟ್ಟು, ಮುಂದೆ ಎಲ್ಲ ಸುಗಮವಾಯಿತೆಂಬಂತೆ ಸಾಗುತ್ತವೆ. ಆಗಿದ್ದು ಹಾಗಲ್ಲ. ಮನೆಯಲ್ಲಿ ಪ್ರಶ್ನೆ ಕೇಳಲು ಕಲಿತವರು ಚರ್ಚಿನಲ್ಲಿಯೂ ಕೇಳಿದರು. ತ್ರಿಯೇಕ ದೇವರ ತತ್ವವನ್ನು ಸಭೆ ಹೇಳಿತೆಂಬ ಕಾರಣಕ್ಕೆ ಒಪ್ಪಲಾರೆ, ಸತ್ಯವೇದವನ್ನು, ಅಂದರೆ ಬೈಬಲನ್ನು, ನಾನೇ ಓದಿ ನೋಡುತ್ತೇನೆ ಎಂದರು. ತಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡೀನ್ ಅವರನ್ನು ರಮಾಬಾಯಿ ಪ್ರೀತಿಯಿಂದ ಕರೆಯುತ್ತಿದ್ದುದು 'ಆಜೀಬಾಯಿ', ಅಂದರೆ ಅಜ್ಜಿ ಎಂದು. ಆ ಅಜ್ಜಿಗೇ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಆ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ. ಒಂದು ಧರ್ಮ ಬಿಟ್ಟು ಬಂದವಳು ಇನ್ನೊಂದರ ಪುರೋಹಿತರಿಗೆ ತಲೆಬಾಗಲು ಬಂದಿಲ್ಲ, ಮನಸ್ಸಾಕ್ಷಿಯನ್ನು ಯಾರಿಗೂ ಅಡವಿಟ್ಟಿಲ್ಲ ಎಂಬ ದನಿ ಅವುಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಕ್ರೈಸ್ತರಾದ ಮೇಲೂ ಅವರು ಮಾಂಸ ಮುಟ್ಟಲಿಲ್ಲ. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು.

ಇನ್ನೊಂದು ಪ್ರಸಂಗ ಹೇಳಲೇಬೇಕು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರ ಆಸರೆಯಲ್ಲಿ ರಮಾಬಾಯಿ ಕಲಿಯುತ್ತಿದ್ದರು. ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು: ಭಾರತೀಯ ಹೆಣ್ಣುಮಗಳು ಗಂಡಸರಿಗೆ ಕಲಿಸಿದರೆ ಅಲ್ಲಿಯ ಜನ ಏನೆಂದಾರು? ರಮಾಬಾಯಿಗೆ ಆಶ್ಚರ್ಯವಾಯಿತು. ಕಟ್ಟಾ ಹಿಂದೂವಾದ ನನ್ನ ತಂದೆ ತಾಯಿಯಿಂದ ಗಂಡುಮಕ್ಕಳಿಗೆ ಪಾಠ ಹೇಳಿಸಿದರು, ನನ್ನ ಗಂಡನೂ ಅಡ್ಡಿ ಮಾಡಲಿಲ್ಲ. ನಿಮಗೇಕೆ ಅಡ್ಡಿ ಎಂದು ಮರುಕೇಳಿದರು. ಗಂಗಾಮೂಲದ ಆ ಕಾಡಿನ ಪಾಠಶಾಲೆ ಆ ಬಿಷಪ್ಪರಿಗೆ ಸಾಕ್ಷಿ ಹೇಳಿತು! ನಮ್ಮ ಸಭೆಗಳಲ್ಲಿ ಪ್ರಶ್ನೆ ಕೇಳಿದ ಹುಡುಗಿಯನ್ನು ವಿಶ್ವಾಸ ಕಡಿಮೆಯಾದವಳೆಂದು ನೋಡುವ ಹಿರಿಯರು ಈ ಪತ್ರಗಳನ್ನು ಓದಬೇಕೆಂಬುದು ನನ್ನ ಕಳಕಳಿಯ ಬೇಡಿಕೆ.

1886ರಲ್ಲಿ, ವೈದ್ಯಪದವಿ ಪಡೆಯುತ್ತಿದ್ದ ಆನಂದಿಬಾಯಿ ಜೋಶಿಯವರನ್ನು ನೋಡಲು ಅಮೆರಿಕಕ್ಕೆ ಹೋದ ರಮಾಬಾಯಿ ಅಲ್ಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ಸುತ್ತಾಡಿ ಭಾಷಣ ಮಾಡಿದರು, ಶಿಶುವಿಹಾರದ ಶಿಕ್ಷಣಕ್ರಮ ಕಲಿತರು, 1887ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಬೆಂಬಲಕ್ಕೆ ಒಂದು ಸಂಘ ಹುಟ್ಟಿತು. ಊರಿಗೆ ಮರಳಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಎಳೆಯ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿ ಕಲಿತ ಮೊದಲಿಗರಲ್ಲಿ ಗೋದೂಬಾಯಿ ಒಬ್ಬರು. ಮುಂದೆ ಅವರ ಕೈಹಿಡಿದವರು, ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಧೊಂಡೊ ಕೇಶವ ಕರ್ವೆ.

ಇಷ್ಟೆಲ್ಲ ಆದ ಮೇಲೆ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅವರಿಗೆ ಅನ್ನಿಸಿತಂತೆ. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಸಂಸ್ಥೆ ಕಟ್ಟಿದ್ದರು, ಹೆಸರು ಬಂದಿತ್ತು, ಕೆಲಸ ನಡೆಯುತ್ತಿತ್ತು. ಆದರೂ ಒಳಗೆ ಏನೋ ಬರಿದು. ಆಗ ಅವರಿಗೆ ಹೊಸ ಸಿದ್ಧಾಂತ ಸಿಗಲಿಲ್ಲ. ತಾನು ಯಾವುದಕ್ಕೂ ಯೋಗ್ಯಳೆಂದು ತೋರಿಸಿಕೊಳ್ಳುವ ಮೊದಲೇ ದೇವರು ತನ್ನನ್ನು ಸ್ವೀಕರಿಸಿದ್ದಾನೆ ಎಂಬ ನೆಮ್ಮದಿ ಸಿಕ್ಕಿತು. ಒಳ್ಳೆಯ ಕೆಲಸ ಮಾಡುವುದರಿಂದಲೇ ಬದುಕಿನ ಗುರಿ ಸಿಕ್ಕಿಬಿಡುತ್ತದೆ ಎಂದು ನಂಬಿರುವ ನಮ್ಮ ಕಾಲದ ಉತ್ಸಾಹಿಗಳಿಗೆ ಈ ಎಂಟು ವರ್ಷ ಬಹಳ ಮುಖ್ಯ. ಆಕೆ ಸೇವೆಯನ್ನು ಬಿಡಲಿಲ್ಲ. ಸೇವೆಯಿಂದ ತನ್ನ ಬೆಲೆ ಸಂಪಾದಿಸಬೇಕೆಂಬ ಭಾರ ಮಾತ್ರ ಇಳಿಯಿತು.

ಆ ನೆಮ್ಮದಿ ಬೇಗನೇ ಪರೀಕ್ಷೆಗೆ ಬಂತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದೇ ಪ್ರಾರ್ಥನೆ ಮಾಡುತ್ತಿದ್ದರು. ಸದನದ ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಮತಾಂತರದ ಗುಮಾನಿ ಎದ್ದಿತು, 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು, 1893ರ ಹೊತ್ತಿಗೆ ಸುಧಾರಕರಾದ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಶಾರದಾ ಸದನದ ಸಲಹಾಮಂಡಳಿಯಿಂದ ಹೊರನಡೆದರು. ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಧರ್ಮದ ಹಂಗಿಲ್ಲದ ಶಾಲೆ ಎಂದು ನಂಬಿ ಮಕ್ಕಳನ್ನು ಕಳಿಸಿದ ತಂದೆತಾಯಿಯ ಕಳವಳ ಸುಳ್ಳಲ್ಲ. ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದರೆ ಒಪ್ಪದ ಹೆಣ್ಣಿನ ಮನಸ್ಸಾಕ್ಷಿಯೂ ಸುಳ್ಳಲ್ಲ. ಎರಡೂ ಕಡೆಯ ನೋವನ್ನು ಕಾಣದೆ ಈ ಜಗಳದ ಬಗ್ಗೆ ತೀರ್ಪು ಕೊಡುವುದು ನನಗೆ ಸರಿಕಾಣುವುದಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಆ ಸುದ್ದಿ ರಮಾಬಾಯಿಗೆ ಪತ್ರಿಕೆಯ ಸುದ್ದಿಯಾಗಿ ಉಳಿಯುವುದು ಹೇಗೆ ಸಾಧ್ಯ? ಎಲೆ ತಿಂದ ಹೊಟ್ಟೆ ಅದು, ರೊಟ್ಟಿ ಬೇಡಿದ ಕೈ ಅದು. ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ ಹೋಗಿ, ಗಂಜಿಕೇಂದ್ರಗಳಲ್ಲಿ ಅನಾಥವಾಗಿ ಬಿದ್ದಿದ್ದ, ದಲ್ಲಾಳಿಗಳ ಪಾಲಾಗಲಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಅಷ್ಟು ಜನರನ್ನು ಇಡಲು ಅಪ್ಪಣೆಯಿಲ್ಲ. ಆಗ ಪುಣೆ–ಸೊಲ್ಲಾಪುರ ರೈಲುದಾರಿಯ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆ ಬಯಲಿಗೆ ಎಲ್ಲರನ್ನೂ ಕರೆದೊಯ್ದರು. ಅದೇ 'ಮುಕ್ತಿ'. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು.

ಮುಕ್ತಿಯಲ್ಲಿ ಬಾವಿ ತೋಡಿಸಿದರು, ತೋಟ ಮಾಡಿಸಿದರು, ದನ ಸಾಕಿದರು. ಹುಡುಗಿಯರು ಓದು ಬರಹದ ಜೊತೆಗೆ ಮಗ್ಗ ನೇಯಲು, ಗಾಣದ ಎಣ್ಣೆ ತೆಗೆಯಲು, ಬಟ್ಟೆ ಹೊಲಿಯಲು, ಅಚ್ಚಿನ ಮೊಳೆ ಜೋಡಿಸಲು ಕಲಿತರು. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸಿದರು. ಮೋಸಹೋಗಿ ಬೀದಿಗೆ ಬಿದ್ದ ಹೆಂಗಸರಿಗಾಗಿ 'ಕೃಪಾಸದನ' ಎದ್ದಿತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ದಖ್ಖನದ ಬಯಲಿನಲ್ಲಿ ನಿಂತದ್ದು ಹಾಗೆ. ಇದು ನನ್ನನ್ನು ಇವತ್ತಿಗೂ ತಟ್ಟುವ ಮಾತು: ಅವರು ಬದುಕಿನ ಗುರಿಯನ್ನು ಎಲ್ಲೋ ದೂರದಲ್ಲಿ ಹುಡುಕಿ ತರಲಿಲ್ಲ. ಹಸಿವು, ಅನಾಥತನ, ವೈಧವ್ಯ, ಓದಿಗೆ ಅಡ್ಡಿ, ತಾವು ಅನುಭವಿಸಿದ ಒಂದೊಂದಕ್ಕೂ ಕೇಡಗಾಂವ್‌ನಲ್ಲಿ ಒಂದೊಂದು ಬಾಗಿಲು ತೆರೆದರು. ಸಂಕಟವನ್ನು ದೇವರು ಕಳಿಸಿದ್ದು ಇದಕ್ಕೇ ಎಂದು ನಾನು ಹೇಳಲಾರೆ. ಹಸಿವಿನಿಂದ ಸತ್ತ ತಾಯಿಯ ಮುಂದೆ ನಿಂತು ಹಾಗೆ ಹೇಳುವ ಧೈರ್ಯ ನನಗಿಲ್ಲ. ಆ ಸಂಕಟ ಯೇಸುವಿನ ಕೈಗೆ ಹೋದ ಮೇಲೆ ವ್ಯರ್ಥವಾಗಿ ಉಳಿಯಲಿಲ್ಲ ಎಂದಷ್ಟೇ ಹೇಳಬಲ್ಲೆ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಹಳ್ಳಿಯ ಹೆಂಗಸಿಗೂ ಅರ್ಥವಾಗಬೇಕೆಂಬುದು ಅವರ ಹಟ. ಸಂಸ್ಕೃತದ ಪಂಡಿತೆಯೇ ಸಂಸ್ಕೃತ ಪದಗಳನ್ನು ದೂರವಿಡಲು ಹೊರಟಿದ್ದರಿಂದ ಆ ಭಾಷೆ ಅಲ್ಲಲ್ಲಿ ಬಿಗಿಯಾಯಿತು, ಸಭೆಗಳಲ್ಲಿ ಅದು ಹೆಚ್ಚು ಬಳಕೆಗೆ ಬರಲಿಲ್ಲ. ಆದರೆ ಅದರ ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರು. ಒಂದು ಹೆಣ್ಣು ಮೂಲಭಾಷೆಯಿಂದ ಧರ್ಮಗ್ರಂಥವನ್ನು ತರುವುದು, ಬರದಲ್ಲಿ ಬದುಕುಳಿದ ಹೆಣ್ಣುಮಕ್ಕಳು ಅದನ್ನು ಮುದ್ರಿಸುವುದು. ಇಂಥದ್ದು ಬೇರೆಲ್ಲಾದರೂ ನಡೆದದ್ದನ್ನು ನಾನು ಕೇಳಿಲ್ಲ.

ಹುಟ್ಟಿದ ನಾಡಿನ ಕಡೆಗೂ ಅವರ ಕೈ ಚಾಚಿತು. ಅವರ ಮಾತಿನ ಭಾಷೆಗಳಲ್ಲಿ ಕನ್ನಡವೂ ಒಂದು. 1912ರಲ್ಲಿ ಕಲಬುರಗಿಯಲ್ಲಿ ಒಂದು ಕ್ರೈಸ್ತ ಹೈಸ್ಕೂಲು ಆರಂಭವಾಯಿತು, ಮಗಳು ಮನೋರಮಾ ಅದರ ಮುಖ್ಯಸ್ಥೆಯಾದರು. ತಾಯಿಯ ನಂತರ ಮುಕ್ತಿಯನ್ನು ನಡೆಸಬೇಕಾಗಿದ್ದವರೂ ಆಕೆಯೇ. 1921ರಲ್ಲಿ, ನಲವತ್ತರ ವಯಸ್ಸಿನಲ್ಲಿ ಮನೋರಮಾ ತೀರಿಕೊಂಡರು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಕೊನೆಗೆ ಮಗಳು. ಅರವತ್ತಮೂರು ವರ್ಷದ, ಕಿವಿ ಕೇಳದ ಆ ತಾಯಿ ಮತ್ತೆ ಮೇಜಿನ ಮುಂದೆ ಕೂತು ಸತ್ಯವೇದದ ಕರಡು ತಿದ್ದತೊಡಗಿದರು. 1922ರ ಏಪ್ರಿಲ್ 5ರಂದು ಅವರು ಕಣ್ಣುಮುಚ್ಚಿದರು. ಪುಸ್ತಕ ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ. ಕೇಡಗಾಂವ್‌ನ ಮುಕ್ತಿ ಈಗಲೂ ದಿಕ್ಕಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ. ಪುಣೆಯ ಕಡೆಗೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬನ್ನಿ.